ಇಲಿಗೆ ನಶೆ ಏರಿದ್ದು ಗೊತ್ತಾಗೋದು ಹೆಂಗೆ? ಮನಸ್ಸಿನ ಔಷಧದ ಬಗ್ಗೆ ಓದುಗರ ಪ್ರಶ್ನೆಗಳು

ಹಿಂದಿನ ಸಂಚಿಕೇಲಿ ಡಿಪ್ರೆಶನ್ ಮಾತ್ರೆ ಬಗ್ಗೆ ಬರೀವಾಗ "ಇಂಥ ಔಷಧ ಎಲ್ಲಾ ಮೊದ್ಲು ಇಲಿ ಮೇಲೆ ನೋಡ್ತಾರೆ" ಅಂತ ಒಂದು ಸಾಲು ಬರೆದಿದ್ದೆ. ಅದೊಂದೇ ಸಾಲಿಗೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ ಸಿದ್ದಾಪುರದಿಂದ್ಲೂ ಎಷ್ಟು ಪತ್ರ ಬಂತು ಅಂದ್ರೆ ಈ ಸಲ ಬೇರೆ ವಿಷಯ ಮುಟ್ಟೋದೇ ಬೇಡ ಅನ್ನಿಸ್ತು. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಊರು ಮಾತ್ರ ಹಾಕಿದೀನಿ.

ಶಿರಸಿಯಿಂದ ಒಬ್ಬರು: ಇಲಿಗೆ ಬಾಯಿಲ್ಲ. ಅದಕ್ಕೆ ಭ್ರಮೆ ಹಿಡಿದಿದೆ, ಬೇಜಾರಾಗಿದೆ, ನಶೆ ಏರಿದೆ ಅಂತ ಯಾರಿಗೆ ಹೆಂಗೆ ಗೊತ್ತಾಗತ್ತೆ? ಇದೆಲ್ಲ ಊಹೆ ಅಲ್ವಾ?

ಇಲಿಯ ಒಳಗೆ ಏನನ್ನಿಸ್ತಿದೆ ಅಂತ ಯಾರಿಗೂ ಗೊತ್ತಾಗಲ್ಲ, ಅದು ನಿಜ. ಈ ಕೆಲಸ ಸರಿಯಾಗಿ ಕಲಿತವರು ಅದನ್ನ ಕೇಳೋಕೂ ಹೋಗಲ್ಲ. ಇಲಿ ತನ್ನ ಮೈಯಿಂದ ಉತ್ತರ ಕೊಡೋಕೆ ಆಗುವಂಥ ಪ್ರಶ್ನೆ ಯಾವುದು ಅಂತ ಹುಡುಕ್ತಾರೆ, ಹುಡುಕೋದ್ರಲ್ಲೇ ಅವರ ಅರ್ಧ ಆಯುಷ್ಯ ಹೋಗತ್ತೆ.

ಒಂದು ಹಳೇ ಉದಾಹರಣೆ ಹೇಳ್ತೀನಿ. ಕ್ಲೋರ್‌ಪ್ರೊಮಝೀನ್ ಅನ್ನೋ ಔಷಧ 1950ರ ಡಿಸೆಂಬರಲ್ಲಿ ಫ್ರಾನ್ಸಿನ ರೋನ್ ಪುಲಂಕ್ ಕಂಪನಿಲಿ ತಯಾರಾಯ್ತು, ಇಲ್ಲದ್ದು ಕಾಣೋ, ಕೇಳೋ ಸ್ಕಿಝೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆಗೆ ಸಿಕ್ಕ ಮೊದಲ ಗಟ್ಟಿ ಔಷಧ ಅದು. ಅಲ್ಲಿ ಸಿಮೋನ್ ಕೂರ್ವಾಸಿಯೇ ಅನ್ನೋ ವಿಜ್ಞಾನಿ ಇಲಿಗಳಿಗೆ ಒಂದು ಪಾಠ ಕಲಿಸಿದ್ರು: ಗಂಟೆ ಬಾರಿಸತ್ತೆ, ಸ್ವಲ್ಪ ಹೊತ್ತಿಗೆ ಕಾಲಡಿಗೆ ಕರೆಂಟ್ ಶಾಕ್ ಬರತ್ತೆ, ತಪ್ಪಿಸ್ಕೋಬೇಕು ಅಂದ್ರೆ ಎದುರಿಗಿರೋ ಹಗ್ಗ ಹತ್ತಬೇಕು. ಇಲಿ ಬೇಗ ಕಲೀತು, ಶಾಕ್ ಬರೋವರೆಗೆ ಕಾಯೋದೇ ಇಲ್ಲ, ಗಂಟೆ ಕೇಳಿದ ಕೂಡ್ಲೇ ಹಗ್ಗದ ಮೇಲೆ. ಆಮೇಲೆ ಔಷಧ ಕೊಟ್ಟು ನೋಡಿದ್ರೆ ಗಂಟೆ ಬಾರಿಸಿದ್ರೂ ಇಲಿ ಕೂತಲ್ಲೇ ಕೂತಿರತ್ತೆ. ಹಾಗಂತ ಕೈಕಾಲು ಸೋತಿಲ್ಲ, ಶಾಕ್ ತಾಗಿದ್ರೆ ಹತ್ತತ್ತೆ. ನಿದ್ದೆ ಬರಿಸೋ ಬಾರ್ಬಿಚುರೇಟ್ ಕೊಟ್ರೆ ಹೀಗಾಗಲ್ಲ ನೋಡಿ, ಅದ್ರಲ್ಲಿ ಗಂಟೆಗೆ ಹತ್ತೋದು, ಶಾಕಿಗೆ ಹತ್ತೋದು ಎರಡೂ ಹೆಚ್ಚುಕಮ್ಮಿ ಒಟ್ಟಿಗೇ ಹಾಳಾಗತ್ತೆ. ಅಂದ್ರೆ ಈ ಹೊಸ ಔಷಧ ಬರೀ ಮಂಪರು ತರೋದಲ್ಲ, ಬೇರೆ ಏನೋ ಮಾಡ್ತಿದೆ ಅಂತ ಇಲಿ ಹೇಳಿದ ಹಾಗಾಯ್ತು. 1952ರಲ್ಲಿ ಪ್ಯಾರಿಸ್ಸಿನ ಡಾಕ್ಟರುಗಳಾದ ಡಿಲೇ ಮತ್ತೆ ಡೆನಿಕರ್ ರೋಗಿಗಳಿಗೆ ಕೊಟ್ಟು ನೋಡಿದ್ರು, ಕೆಲಸ ಮಾಡ್ತು. ಇಲ್ಲಿ ಗಮನಿಸಬೇಕಾದ್ದು ಏನಪ್ಪಾ ಅಂದ್ರೆ ಆ ಇಲಿಗೆ ಸ್ಕಿಝೋಫ್ರೇನಿಯಾ ಇರ್ಲೇ ಇಲ್ಲ. ಆದ್ರೂ ಅದರ ನಡವಳಿಕೆ ಒಂದು ಔಷಧದ ಗುಂಪನ್ನ ಇನ್ನೊಂದರಿಂದ ಬೇರೆ ಮಾಡಿ ತೋರಿಸ್ತು.

ನಶೆ ವಿಷಯಕ್ಕೆ ಬಂದ್ರೆ ನನಗೆ ತುಂಬ ಇಷ್ಟವಾದ ಪ್ರಯೋಗ ಎರಡು ಲಿವರಿನ ಪೆಟ್ಟಿಗೆ. ಪೆಟ್ಟಿಗೆ ಗೋಡೇಲಿ ಎಡಕ್ಕೊಂದು ಬಲಕ್ಕೊಂದು ಲಿವರ್, ಅಂದ್ರೆ ಒತ್ತೋ ಹಿಡಿಕೆ, ಮಧ್ಯೆ ಆಹಾರದ ಗುಳಿಗೆ ಬೀಳೋ ತೂತು. ಇಲಿಗೆ ಕೆಲವು ದಿನ ಔಷಧದ ಇಂಜೆಕ್ಷನ್, ಕೆಲವು ದಿನ ಬರೀ ಉಪ್ಪುನೀರಿನ ಇಂಜೆಕ್ಷನ್, ಚುಚ್ಚೋ ಸೂಜಿ ಅದೇ, ಹಿಡಿಯೋ ಕೈ ಅದೇ. ಔಷಧದ ದಿನ ಎಡ ಲಿವರ್ ಒತ್ತಿದ್ರೆ ಮಾತ್ರ ಗುಳಿಗೆ, ಉಪ್ಪುನೀರಿನ ದಿನ ಬಲಕ್ಕೆ ಒತ್ತಿದ್ರೆ ಮಾತ್ರ. ವಾರಗಟ್ಲೆ ಹೀಗೆ ಮಾಡಿದ ಮೇಲೆ ಇಲಿ ಪೆಟ್ಟಿಗೆ ಒಳಗೆ ಹೋದ ಕೂಡ್ಲೇ ಸರಿಯಾದ ಲಿವರಿಗೇ ಕೈ ಹಾಕತ್ತೆ. ಇವತ್ತು ಮೈಯಲ್ಲಿ ಏನಿದೆ ಅನ್ನೋದು ಬಿಟ್ರೆ ಅದಕ್ಕೆ ಬೇರೆ ಯಾವ ಗುರುತೂ ಇಲ್ಲ! ಭ್ರಮೆ ಹುಟ್ಟಿಸೋ ಎಲ್‌ಎಸ್‌ಡಿ ಕೊಟ್ಟು ಹೀಗೆ ಕಲಿಸಿದ ಇಲಿಗೆ ಅದೇ ಥರದ, ಅಣಬೆಯ ಸೈಲೊಸೈಬಿನ್ ಕೊಡಿ, ಅದು ಎಲ್‌ಎಸ್‌ಡಿ ಲಿವರ್ ಒತ್ತತ್ತೆ. ಮಾರ್ಫಿನ್ ಕೊಟ್ರೆ ಒತ್ತಲ್ಲ. ಎಲ್‌ಎಸ್‌ಡಿ ಕೊಡೋ ಮೊದ್ಲೇ ಮೆದುಳಿನ ಸೆರೊಟೋನಿನ್ 2ಎ ರಿಸೆಪ್ಟರನ್ನ (ನರಗಳ ನಡುವೆ ಸುದ್ದಿ ಒಯ್ಯೋ ಸೆರೊಟೋನಿನ್ ಅನ್ನೋ ವಸ್ತು ಬಂದು ಅಂಟೋ ಜಾಗ) ಕೆಟಾನ್ಸೆರಿನ್ ಅನ್ನೋ ಔಷಧದಿಂದ ಮುಚ್ಚಿದ್ರೆ ಇಲಿ ಉಪ್ಪುನೀರಿನ ಲಿವರಿಗೆ ಹೋಗತ್ತೆ, ಇವತ್ತು ಏನೂ ಕೊಟ್ಟೇ ಇಲ್ಲ ಅನ್ನೋ ಹಾಗೆ. ಎಲ್‌ಎಸ್‌ಡಿ ಯಾವ ಬಾಗಿಲಿಂದ ಒಳಗೆ ಹೋಗತ್ತೆ ಅನ್ನೋದನ್ನ ಇಲಿ ಇಷ್ಟು ಸ್ಪಷ್ಟವಾಗಿ ತೋರಿಸಿಕೊಡತ್ತೆ, ಇದನ್ನ ಊಹೆ ಅನ್ನೋಕೆ ನನಗೆ ಮನಸ್ಸು ಬರಲ್ಲ. ಆದ್ರೆ ಆ ಇಲಿಗೆ ಬಣ್ಣಬಣ್ಣದ ಚಿತ್ರ ಕಾಣ್ತಾ ಇತ್ತಾ ಅಂತ ಕೇಳಿದ್ರೆ ಅದಕ್ಕೆ ಈ ಪೆಟ್ಟಿಗೆಲಿ ಲಿವರ್ ಇಲ್ಲ.

ಕುಮಟಾದಿಂದ: ನಮ್ಮ ಅಜ್ಜ ಹೇಳ್ತಿದ್ರು, ಮುಂಗುಸಿ ಹಾವಿನ ಜೊತೆ ಕಾದಾಡೋ ಮೊದ್ಲು ಸರ್ಪಗಂಧಿ ಬೇರು ತಿಂದು ಹೋಗತ್ತೆ ಅಂತ. ಅದೇ ಬೇರಿಂದ ಇಂಗ್ಲಿಷ್ ಮಾತ್ರೆ ಮಾಡಿದಾರೆ ಅಂತಾನೂ ಕೇಳಿದೀನಿ. ಎಷ್ಟು ನಿಜ?

ಮುಂಗುಸಿ ಕಥೆ ದೇಶದ ತುಂಬ ಇದೆ, ಆದ್ರೆ ಮುಂಗುಸಿ ಗೆಲ್ಲೋದು ಚುರುಕಿಂದ, ದಪ್ಪ ರೋಮದಿಂದ, ಜೊತೆಗೆ ನಾಗರಹಾವಿನ ನರವಿಷ ಅಂಟಿಕೊಳ್ಳದ ಹಾಗೆ ಬದಲಾದ ಸ್ನಾಯುವಿನ ರಿಸೆಪ್ಟರಿಂದ, ಬೇರಿಂದ ಅಲ್ಲ. ಮಾತ್ರೆ ಕಥೆ ಮಾತ್ರ ಪೂರ್ತಿ ನಿಜ, ಮತ್ತೆ ಈ ಸಂಚಿಕೆ ವಿಷಯಕ್ಕೆ ಇದಕ್ಕಿಂತ ಒಳ್ಳೆ ಕಥೆ ಇನ್ನೊಂದಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ನಮ್ಮ ಘಟ್ಟದ ಕಾಡಲ್ಲಿ ನೆರಳಿಗೆ ಬೆಳೆಯೋ, ಬಿಳಿ ಹೂವಿಗೆ ಕೆಂಪು ತೊಟ್ಟಿರೋ ಆ ಪುಟ್ಟ ಗಿಡ, ಕೆಲವರು ಸೂತ್ರನಾಭಿ ಅಂತಾರೆ. ಇದರ ಬೇರನ್ನ ಹುಚ್ಚಿಗೆ, ನಿದ್ದೆಗೆ ಕೊಡೋದು ಮೊದ್ಲಿಂದ ಇತ್ತು. 1931ರಲ್ಲಿ ಕಲ್ಕತ್ತಾದ ಗಣನಾಥ ಸೇನ್ ಮತ್ತೆ ಕಾರ್ತಿಕ್ ಚಂದ್ರ ಬೋಸ್ ಇದು ಮಾನಸಿಕ ರೋಗಕ್ಕೂ ಬ್ಲಡ್ ಪ್ರೆಶರಿಗೂ ಕೆಲಸ ಮಾಡತ್ತೆ ಅಂತ ಬರೆದ್ರು. 1949ರಲ್ಲಿ ಬೊಂಬಾಯಿಯ ರುಸ್ತುಂ ಜಾಲ್ ವಕೀಲ್ ಬ್ರಿಟನ್ನಿನ ಹೃದಯರೋಗದ ಪತ್ರಿಕೇಲಿ ಬರೆದ ಮೇಲೆ ಹೊರಗಿನವರ ಕಣ್ಣು ತೆರೀತು, 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿಂದ ರಿಸರ್ಪೀನ್ ಅನ್ನೋ ವಸ್ತು ಬೇರ್ಪಡಿಸಿದ್ರು.

ಈಗ ಪ್ರಾಣಿ ಬರತ್ತೆ. ರಿಸರ್ಪೀನ್ ಕೊಟ್ಟ ಮೊಲ ಹೆಂಗಿರತ್ತೆ ಅಂದ್ರೆ, ನೆಲಕ್ಕೆ ಅಂಟಿಕೊಂಡ ಹಾಗೆ ಕೂತುಬಿಡತ್ತೆ, ಕಿವಿ ಜೋತು ಬೀಳತ್ತೆ, ಕಣ್ಣಿನ ರೆಪ್ಪೆ ಅರ್ಧ ಮುಚ್ಚತ್ತೆ, ಮುಟ್ಟಿದ್ರೂ ಓಡಲ್ಲ. ನೋಡಿದವರಿಗೆಲ್ಲ ಅಯ್ಯೋ ಪಾಪ, ಎಷ್ಟು ಬೇಜಾರಲ್ಲಿದೆ ಅನ್ನಿಸಬೇಕು, ಹಾಗೇ ಅನ್ನಿಸ್ತು ಕೂಡ. ಪ್ರೆಶರಿಗೆ ರಿಸರ್ಪೀನ್ ತಗೊಂಡ ಕೆಲವು ರೋಗಿಗಳು ಖಿನ್ನರಾದ್ರು ಅಂತ ವರದಿ ಬೇರೆ ಬಂತು, ಹಾಗಾಗಿ ಈ ಮೊಲ, ಇಲಿಗಳೇ ಡಿಪ್ರೆಶನ್ನಿನ ಮಾದರಿ ಅಂತ ಎಷ್ಟೋ ಲ್ಯಾಬಲ್ಲಿ ಬಳಸಿದ್ರು.

ಅಮೆರಿಕದಲ್ಲಿ ಬರ್ನಾರ್ಡ್ ಬ್ರೋಡಿಯ ಲ್ಯಾಬಿನವರು 1955ರಲ್ಲಿ ನೋಡಿದ್ರೆ ರಿಸರ್ಪೀನ್ ಕೊಟ್ಟ ಮೊಲದ ಮೆದುಳಲ್ಲಿ ಸೆರೊಟೋನಿನ್ ಖಾಲಿ ಆಗಿತ್ತು, ಕಣಜದ ಬಾಯಿ ಒಡೆದು ಭತ್ತ ಎಲ್ಲ ಸೋರಿ ಹೋದ ಹಾಗೆ. ಸರಿ, ಸೆರೊಟೋನಿನ್ ಹೋಗಿದ್ದಕ್ಕೇ ಹೀಗೆ ಅಂತ ಅವರ ವಾದ. ಅದೇ ಲ್ಯಾಬಲ್ಲಿ ಕೆಲವು ತಿಂಗಳು ಇದ್ದು ಸ್ವೀಡನ್ನಿಗೆ ವಾಪಸ್ ಹೋದ ಆರ್ವಿಡ್ ಕಾರ್ಲ್‌ಸನ್ ಅನ್ನೋರಿಗೆ ಅಷ್ಟಕ್ಕೇ ಸಮಾಧಾನ ಆಗ್ಲಿಲ್ಲ, ಖಾಲಿ ಆಗಿದ್ದು ಅದೊಂದೇನಾ, ಬೇರೆ ಏನಾದ್ರೂ ಇದ್ಯಾ ಅಂತ. 1957ರಲ್ಲಿ ಅವರು ಮತ್ತೆ ಜೊತೆಗಾರರು ಮಾಡಿದ್ದು ಇಷ್ಟು: ಮಂಕಾಗಿ ಬಿದ್ದಿರೋ ಪ್ರಾಣಿಗೆ ಸೆರೊಟೋನಿನ್ ಆಗೋ ಕಚ್ಚಾವಸ್ತು ಕೊಟ್ರು, ಏಳ್ಲಿಲ್ಲ. ಇನ್ನೊಂದಕ್ಕೆ ಡೋಪಮಿನ್ ಆಗೋ ಕಚ್ಚಾವಸ್ತು ಎಲ್-ಡೋಪಾ ಕೊಟ್ರು, ಸ್ವಲ್ಪ ಹೊತ್ತಿಗೇ ಕಿವಿ ಎದ್ದು ನಿಂತು, ಕಣ್ಣು ತೆರೆದು, ಎದ್ದು ಓಡಾಡೋಕೆ ಶುರು! ಮೆದುಳಲ್ಲಿ ಹೆಚ್ಚಾಗಿದ್ದು ಡೋಪಮಿನ್, ಅಲ್ಲೀವರೆಗೆ ಅದನ್ನ ಬೇರೆ ವಸ್ತು ತಯಾರಾಗೋ ದಾರಿಲಿ ಬರೀ ನಡುವಿನ ಮೆಟ್ಟಿಲು ಅಂತ ಯಾರೂ ಲೆಕ್ಕಕ್ಕೇ ತಗೊಂಡಿರ್ಲಿಲ್ಲ. ಮಂಕು ಕವಿದ ಆ ಮೊಲದ ಸ್ಥಿತಿ ಪಾರ್ಕಿನ್‌ಸನ್ಸ್ ಕಾಯಿಲೆಗೆ ಹೋಲ್ತಿದೆ ಅಂತ ಹೊಳೆದಿದ್ದು ಅಲ್ಲಿಂದ. 1960ರಲ್ಲಿ ವಿಯೆನ್ನಾದಲ್ಲಿ ಎಹ್ರಿಂಗರ್ ಮತ್ತೆ ಹಾರ್ನಿಕಿಯೇವಿಚ್ ತೀರಿಹೋದ ಪಾರ್ಕಿನ್‌ಸನ್ಸ್ ರೋಗಿಗಳ ಮೆದುಳಲ್ಲಿ ಡೋಪಮಿನ್ ತೀರಾ ಕಮ್ಮಿ ಇರೋದನ್ನ ತೋರಿಸಿದ್ರು. ಇವತ್ತು ನಿಮ್ಮೂರಲ್ಲಿ ಕೈ ನಡುಗೋ ಅಜ್ಜನಿಗೆ ಡಾಕ್ಟ್ರು ಬರೆದುಕೊಡೋ ಲೆವೊಡೋಪಾ ಮಾತ್ರೆ ಆ ಮೊಲ ಎದ್ದು ನಿಂತ ಔಷಧಾನೇ. ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಬಂತು.

ನಾನು ಈ ಕಥೆ ಯಾಕೆ ಇಷ್ಟು ಹಿಡಿದು ಹೇಳ್ತೀನಿ ಅಂದ್ರೆ, ಮೊಲದ ಮುಖ ನೋಡಿ ದುಃಖ ಓದಿಕೊಂಡವರು ಅರ್ಧ ದಾರಿಲಿ ನಿಂತ್ರು. ಅದರ ಚಲನೆ ಹೋಗಿದೆ, ಯಾವುದು ಕೊಟ್ರೆ ವಾಪಸ್ ಬರತ್ತೆ, ಯಾವುದು ಕೊಟ್ರೆ ಬರಲ್ಲ ಅಂತ ಕೇಳಿದವರಿಗೆ ಒಂದು ಕಾಯಿಲೆಯ ಔಷಧವೇ ಸಿಕ್ತು.

ಇನ್ನೊಂದು, ದಯವಿಟ್ಟು ಬೇರು ಕಿತ್ತು ತೇದು ಕುಡೀಬೇಡಿ. ಪ್ರೆಶರ್ ಏಕಾಏಕಿ ಇಳಿಯತ್ತೆ, ಮನಸ್ಸು ಕುಗ್ಗಬಹುದು. ಗಿಡವೂ ಕಾಡಲ್ಲಿ ಕಮ್ಮಿ ಆಗ್ತಾ ಬಂದಿದೆ, ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಇರೋ ಪಟ್ಟೀಲಿದೆ. ಬೇಕಿದ್ರೆ ನರ್ಸರಿ ಸಸಿ ತಂದು ತೋಟದಲ್ಲಿ ನೆಡಿ.

ಸಿದ್ದಾಪುರದಿಂದ: ಸೊಕ್ಕಡಿಕೆ ತಿಂದಾಗ ತಲೆ ತಿರುಗಿ ಮೈಯೆಲ್ಲಾ ಬೆವರಿ ಬರೋದು ಮೆದುಳಿಂದಾನಾ, ಹೊಟ್ಟೆಯಿಂದಾನಾ? ಇದನ್ನೂ ಪ್ರಾಣಿ ಮೇಲೆ ನೋಡಿದಾರಾ?

ನೋಡಿದಾರೆ, ಮತ್ತೆ ನಿಮ್ಮ ಪ್ರಶ್ನೆ ಎಷ್ಟು ಚೆನ್ನಾಗಿದೆ ಅಂದ್ರೆ ಅವರು ಕೇಳಿದ್ದೂ ಇದನ್ನೇ. ಅಡಿಕೆಯಲ್ಲಿರೋ ಅರೆಕೋಲಿನ್ ನಮ್ಮ ನರಗಳು ಸುದ್ದಿ ಕಳಿಸೋಕೆ ಬಳಸೋ ಅಸಿಟೈಲ್‌ಕೋಲಿನ್ನಿನ ಹಾಗೆ ವೇಷ ಹಾಕತ್ತೆ. ಚಿಟ್ಟಿಲಿಗೆ ಕೊಟ್ರೆ ಜೊಲ್ಲು ಸುರಿಯತ್ತೆ, ಮೈ ನಡುಗತ್ತೆ. ಈಗ ಎರಡು ತಡೆಯೋ ಔಷಧ ತಗೊಳ್ಳಿ. ಒಂದು ಸ್ಕೋಪೊಲಮಿನ್, ನಮ್ಮ ಉಮ್ಮತ್ತಿ ಗಿಡದಲ್ಲಿ ಇರೋದೇ, ಅದು ಮೆದುಳಿಗೂ ಹೋಗತ್ತೆ. ಇನ್ನೊಂದು ಅದರದೇ ತಮ್ಮ ಮೀಥೈಲ್ ಸ್ಕೋಪೊಲಮಿನ್, ಅದಕ್ಕೆ ಮೆದುಳಿನ ಬೇಲಿ ದಾಟೋಕೆ ಹೆಚ್ಚುಕಮ್ಮಿ ಆಗಲ್ಲ. ಮೊದಲನೇದು ಕೊಟ್ರೆ ಜೊಲ್ಲೂ ನಿಲ್ಲತ್ತೆ, ನಡುಕವೂ ನಿಲ್ಲತ್ತೆ. ಎರಡನೇದು ಕೊಟ್ರೆ ಜೊಲ್ಲು ಮಾತ್ರ ನಿಲ್ಲತ್ತೆ, ನಡುಕ ಹಾಗೇ ಇರತ್ತೆ. ಹಾಗಾದ್ರೆ ನಡುಕ ಮೆದುಳಿಂದ, ಜೊಲ್ಲು ಹೊರಗಿನ ಗ್ರಂಥಿಗಳಿಂದ. ಪ್ರಾಣಿಯ ತಲೆ ತೆರೆಯದೇನೇ ಇದು ಗೊತ್ತಾಯ್ತು. ನಿಮ್ಮ ಬೆವರು ಹೆಚ್ಚಾಗಿ ಹೊರಗಿಂದು, ಸೊಕ್ಕಲ್ಲಿ ಮೆದುಳಿನ ಪಾಲಿದೆ.

ಅಡಿಕೆ ನಮ್ಮ ಅನ್ನ, ಗೊತ್ತು. ಆದ್ರೂ ಕೇಳಿದ್ದಕ್ಕೆ ಇದನ್ನೂ ಹೇಳಲೇಬೇಕು, ತಂಬಾಕು ಇಲ್ಲದಿದ್ರೂ ಅಡಿಕೆ ಜಗಿಯೋದು ಬಾಯಿ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದೀಲಿ ಸ್ಪಷ್ಟವಾಗಿ ಬರೆದಿದೆ. ಬಾಯಿ ಪೂರ್ತಿ ತೆರೆಯೋಕೆ ಆಗ್ತಿಲ್ಲ, ಖಾರ ಉರಿಯತ್ತೆ ಅಂದ್ರೆ ತಡ ಮಾಡ್ದೆ ತೋರಿಸಿ.

ಕಾರವಾರ ಬೈತಖೋಲದಿಂದ: ನಮ್ಮ ಬಲೆಗೆ ಮಾಣಕಿ ಜೊತೆ ಒಮ್ಮೊಮ್ಮೆ ಆಕ್ಟೋಪಸ್ ಬೀಳತ್ತೆ. ಅದಕ್ಕೆ ಎಕ್ಸ್‌ಟಸಿ ಮಾತ್ರೆ ಕೊಟ್ರೆ ತಬ್ಬಿಕೊಳ್ಳತ್ತೆ ಅಂತ ಮಗ ಮೊಬೈಲಲ್ಲಿ ತೋರಿಸ್ದ. ಸುಳ್ಳಲ್ವಾ?

ಸುಳ್ಳಲ್ಲ, 2018ರಲ್ಲಿ ಅಮೆರಿಕದ ಗುಲ್ ಡೋಲೆನ್ ಮತ್ತೆ ಎರಿಕ್ ಎಡ್ಸಿಂಗರ್ ಮಾಡಿದ ಕೆಲಸ. ಕ್ಯಾಲಿಫೋರ್ನಿಯಾ ಕಡೆಯ ಜಾತಿ ಅದು, ನಿಮಗೆ ಗೊತ್ತಿರೋ ಹಾಗೆ ಆಕ್ಟೋಪಸ್ ಒಂಟಿ ಜೀವಿ, ಇನ್ನೊಂದನ್ನ ಕಂಡ್ರೆ ದೂರ. ಮೂರು ಕೋಣೆ ತೊಟ್ಟಿ ಮಾಡಿ ಒಂದು ಕಡೆ ತೂತಿನ ಪಾತ್ರೆಯೊಳಗೆ ಇನ್ನೊಂದು ಆಕ್ಟೋಪಸ್, ಇನ್ನೊಂದು ಕಡೆ ಆಟಿಕೆ ಇಟ್ರು. ಎಂಡಿಎಂಎ, ಅಂದ್ರೆ ಅದೇ ಎಕ್ಸ್‌ಟಸಿ, ಕರಗಿಸಿದ ನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟು ತೊಟ್ಟಿಗೆ ಹಾಕಿದ್ರೆ ಅದು ಜೊತೆಗಾರನ ಕಡೆ ಹೆಚ್ಚು ಹೊತ್ತು ಇತ್ತು, ಪಾತ್ರೆ ಮೇಲೆ ಹಲವು ಕೈ ಚಾಚಿ, ಕೆಳಹೊಟ್ಟೆ ತೋರಿಸ್ಕೊಂಡು ಇತ್ತು. ತಬ್ಬಿಕೊಳ್ತು ಅನ್ನೋದು ಮೊಬೈಲಿನವರ ಮಾತು, ನಡುವೆ ಪಾತ್ರೆ ಗೋಡೆ ಇತ್ತಲ್ಲ.

ಪ್ರಾಣಿಗಳ ಸಂಖ್ಯೆ ಬೆರಳೆಣಿಕೆ, ಹಾಗಾಗಿ ಇದೊಂದರ ಮೇಲೆ ದೊಡ್ಡ ಮನೆ ಕಟ್ಟಬಾರದು. ಆದ್ರೂ ನನಗೆ ಇದು ಮುಖ್ಯ ಅನ್ನಿಸೋದು ಯಾಕಂದ್ರೆ ಅವರು ಜೊತೆಗೇ ಜೀನ್ ಕೂಡ ನೋಡಿದ್ರು. ಎಂಡಿಎಂಎ ನಮ್ಮಲ್ಲಿ ಅಂಟಿಕೊಳ್ಳೋದು ಸೆರೊಟೋನಿನ್ನನ್ನ ಸಾಗಿಸೋ ಒಂದು ಪ್ರೋಟೀನಿಗೆ, ಅದರ ಅಂಟೋ ಜಾಗ ಆಕ್ಟೋಪಸ್ಸಲ್ಲೂ ಹೆಚ್ಚುಕಮ್ಮಿ ಹಾಗೇ ಇದೆ. ನಮ್ಮ ವಂಶ ಅದರ ವಂಶ ಬೇರೆ ಆಗಿ 50 ಕೋಟಿ ವರ್ಷದ ಮೇಲಾಯ್ತು, ಮೆದುಳಿನ ಆಕಾರದಲ್ಲಿ ಹೋಲಿಕೆ ಅನ್ನೋದೇ ಇಲ್ಲ, ಆದ್ರೂ ಅದೇ ಅಣು, ಅದೇ ಜಾಗ.

ಹೊನ್ನಾವರದಿಂದ: ಏಪ್ರಿಲಲ್ಲಿ ಗೇರುಹಣ್ಣು ರಾಶಿ ಬಿದ್ದು ಹುಳಿ ಬಂದಾಗ ಮುತ್ತೋ ಸಣ್ಣ ನೊಣಗಳಿಗೂ ಕುಡಿತದ ಚಟ ಇದ್ಯಂತೆ, ಹೌದಾ? ಪ್ರೀತಿಯಲ್ಲಿ ಸೋತ ಗಂಡು ನೊಣ ಜಾಸ್ತಿ ಕುಡಿಯತ್ತೆ ಅಂತಾನೂ ಓದಿದೆ.

ಹುಳಿ ಬಂದ ಹಣ್ಣು ಅವುಗಳ ಮನೆ, ಊಟ ಎಲ್ಲಾ, ಹಾಗಾಗಿ ಆಲ್ಕೋಹಾಲು ಅವಕ್ಕೆ ಹೊಸತಲ್ಲ. ನೀವು ಓದಿದ್ದು 2012ರ ಕೆಲಸ. ಹೆಣ್ಣು ಪದೇ ಪದೇ ದೂರ ತಳ್ಳಿದ ಗಂಡುಗಳು ಕೂಡಿದ ಗಂಡುಗಳಿಗಿಂತ ಹೆಚ್ಚು ಆಲ್ಕೋಹಾಲು ಬೆರೆಸಿದ ಆಹಾರ ತಿಂದ್ವು. ಪೇಪರಿನವರು ಹೃದಯ ಒಡೆದ ನೊಣ ಅಂತ ಹೆಡ್ಡಿಂಗ್ ಕೊಟ್ರು. ಆದ್ರೆ ಸಂಶೋಧಕರು ಅಲ್ಲಿಗೆ ನಿಲ್ಲಿಸ್ಲಿಲ್ಲ, ಇದೇ ನಾನು ಹೇಳಬೇಕಾದ್ದು. ದೂರ ತಳ್ಳಿಸಿಕೊಂಡ ನೊಣದ ಮೆದುಳಲ್ಲಿ ನ್ಯೂರೋಪೆಪ್ಟೈಡ್ ಎಫ್ ಅನ್ನೋ ನರಗಳ ವಸ್ತು ಕಮ್ಮಿ ಇತ್ತು. ಕೂಡಿ ಬಂದ ನೊಣದಲ್ಲೇ ಅದರ ಕೆಲಸ ತಗ್ಗಿಸಿ ನೋಡಿದ್ರು, ಅದೂ ಕುಡೀತು. ಆ ನರಗಳನ್ನ ಚುರುಕು ಮಾಡಿದ್ರೆ ಆಲ್ಕೋಹಾಲಿನ ಕಡೆ ಒಲವು ಇಳೀತು. ಎರಡೂ ಕಡೆಯಿಂದ ತಿರುಗಿಸಿ ನೋಡಿದ ಮೇಲೇ ಕಾರಣ ಅಂದ್ರು. ನೊಣಕ್ಕೆ ವಿರಹ ಇದ್ಯೋ ಇಲ್ವೋ ನಮಗೆ ಬೇಡ.

ಅಂಕೋಲಾದಿಂದ ಒಬ್ಬ ತಾಯಿ: ಮಗ ಮೊದ್ಲು ಗಾಂಜಾ, ಈಗ ಬೇರೆ ಏನೋ ಅಂತ ಶುರು ಮಾಡಿದಾನೆ. ಇಲಿ ಊಟ ಬಿಟ್ಟು ಸಾಯೋವರೆಗೂ ಡ್ರಗ್ ಬಟನ್ ಒತ್ತುತ್ತೆ ಅಂತ ಒಬ್ರು ಹೇಳಿದ್ರು. ಒಮ್ಮೆ ಹಿಡಿದ್ರೆ ಬಿಡಲ್ಲ ಅಂತಾನಾ? ರಾತ್ರಿ ನಿದ್ದೆ ಬರ್ತಿಲ್ಲ.

ಅಮ್ಮಾ, ನಿಮಗೆ ಹೇಳಿದವರು ಅರ್ಧ ಕಥೆ ಹೇಳಿದಾರೆ. ಉಳಿದರ್ಧ ನಾನು ಹೇಳ್ತೀನಿ.

ಇಲಿಯ ರಕ್ತನಾಳಕ್ಕೆ ಸಣ್ಣ ನಳಿಕೆ ಹಾಕಿ, ಅದು ತಾನೇ ಲಿವರ್ ಒತ್ತಿ ಔಷಧ ತಗೊಳ್ಳೋ ಹಾಗೆ ಮಾಡಿದ್ದು ಜೇಮ್ಸ್ ವೀಕ್ಸ್, 1962ರಲ್ಲಿ. ಆಮೇಲಿನ ಪ್ರಯೋಗಗಳಲ್ಲಿ ಕೊಕೇನು ಹಗಲೂ ರಾತ್ರಿ ಮಿತಿ ಇಲ್ಲದೆ ಸಿಗೋ ಹಾಗೆ ಬಿಟ್ಟಾಗ ಪ್ರಾಣಿಗಳು ಸತ್ತಿದ್ದು ನಿಜ, ಸುಳ್ಳು ಹೇಳಲ್ಲ ನಿಮಗೆ. ಆದ್ರೆ ಆ ಪೆಟ್ಟಿಗೆ ಒಳಗೆ ಏನಿತ್ತು ನೋಡಿ. ಇಲಿ ಒಂದೇ. ಲಿವರ್ ಒಂದೇ. ಜೊತೆಗಾರ ಇಲ್ಲ, ಮಾಡೋಕೆ ಬೇರೆ ಕೆಲಸ ಇಲ್ಲ.

ಕೆನಡಾದ ಬ್ರೂಸ್ ಅಲೆಕ್ಸಾಂಡರ್ 1970ರ ದಶಕದ ಕೊನೇಲಿ ಇದನ್ನೇ ಕೇಳಿದ್ರು, ಸಾಮಾನ್ಯ ಪಂಜರಕ್ಕಿಂತ ಸುಮಾರು 200 ಪಟ್ಟು ದೊಡ್ಡ ಜಾಗದಲ್ಲಿ ಗಂಡು ಹೆಣ್ಣು ಇಲಿಗಳನ್ನ ಒಟ್ಟಿಗೆ ಬಿಟ್ಟು ಆಟದ ಸಾಮಾನು ಹಾಕಿ ನೋಡಿದ್ರೆ ಅವು ಒಂಟಿ ಇಲಿಗಳಿಗಿಂತ ಕಮ್ಮಿ ಮಾರ್ಫಿನ್ ನೀರು ಕುಡಿದ್ವು. ಅದೇ ಪ್ರಯೋಗ ಬೇರೆಯವರು ಮಾಡಿದಾಗ ಎಲ್ಲಾ ಸಲ ಹಾಗೇ ಬರ್ಲಿಲ್ಲ, ಹಾಗಾಗಿ ಅದೊಂದನ್ನೇ ನಂಬಬೇಡಿ. 2007ರಲ್ಲಿ ಫ್ರಾನ್ಸಿನ ಸೆರ್ಜ್ ಅಹ್ಮದ್ ಲ್ಯಾಬಿನವರು ಇಲಿಗಳಿಗೆ ಕೊಕೇನ್ ಅಥವಾ ಸ್ಯಾಕರಿನ್ ಸಿಹಿನೀರು, ಎರಡರಲ್ಲಿ ಒಂದು ಆರಿಸ್ಕೋ ಅಂದ್ರು, 100ಕ್ಕೆ 90ಕ್ಕಿಂತ ಹೆಚ್ಚು ಇಲಿ ಸಿಹಿನೀರು ಆರಿಸಿದ್ವು. 2018ರಲ್ಲಿ ಅಮೆರಿಕದ ಬಾಲ್ಟಿಮೋರಿನ ಮಾರ್ಕೊ ವೆನ್ನಿರೊ ಮತ್ತೆ ಯಾವಿನ್ ಶಹಾಮ್ ತಂಡ ಇನ್ನೂ ಮುಂದೆ ಹೋಯ್ತು. ಒಂದು ಲಿವರ್ ಒತ್ತಿದ್ರೆ ಡ್ರಗ್, ಇನ್ನೊಂದು ಒತ್ತಿದ್ರೆ ಬಾಗಿಲು ತೆರೆದು ಪಕ್ಕದ ಕೋಣೆಯ ಜೊತೆಗಾರ ಇಲಿ ಸಿಗತ್ತೆ. ಮೆಥಾಂಫೆಟಮಿನ್ನಿಗೆ ಚಟ ಹಿಡಿದವು ಅಂತ ಗುರುತು ಮಾಡಿದ ಇಲಿಗಳು ಕೂಡ ಜೊತೆಗಾರನನ್ನೇ ಆರಿಸಿದ್ವು. ಆದ್ರೆ ಬಾಗಿಲು ತಡವಾಗಿ ತೆರೆಯೋ ಹಾಗೆ ಮಾಡಿದ್ರೆ, ಅಥವಾ ಜೊತೆಗಾರನ ಲಿವರ್ ಒತ್ತಿದ್ದಕ್ಕೆ ಶಾಕ್ ಕೊಟ್ರೆ, ಇಲಿಗಳು ಡ್ರಗ್ಗಿಗೆ ವಾಪಸ್ ಹೋದ್ವು. ಈ ಕೊನೇ ಮಾತನ್ನ ಮನೇಲಿ ಎಲ್ಲರೂ ಎರಡು ಸಲ ಓದಿ. ನಿಮ್ಮ ಮಗ ಇಲಿ ಅಲ್ಲ, ಇಲಿ ಮಾಡಿದ್ದನ್ನೇ ಅವನೂ ಮಾಡ್ತಾನೆ ಅಂತಲ್ಲ, ಆದ್ರೂ ಮನೆಗೆ ಬಂದಾಗೆಲ್ಲ ಬೈಗುಳ, ಹೊಡೆತ ಸಿಕ್ರೆ ಅವನಿಗೆ ಉಳಿಯೋ ಬಾಗಿಲು ಯಾವುದು ಯೋಚನೆ ಮಾಡಿ.

ಗಾಂಜಾ ಬಗ್ಗೆ ಒಂದು ಮಾತು. ಅದರಲ್ಲಿ ನಶೆ ಏರಿಸೋ ಟಿಎಚ್‌ಸಿಗೆ ಇಲಿಗಳು ಲಿವರ್ ಒತ್ತೋದು ತೀರಾ ಕಷ್ಟ, ಹಾಗಾಗಿ ಗಾಂಜಾಕ್ಕೆ ಚಟ ಆಗಲ್ಲ ಅಂತ ವಾದ ಮಾಡಿದವರಿದ್ರು. 2000ದಲ್ಲಿ ಅಳಿಲು ಕೋತಿಗಳು ಟಿಎಚ್‌ಸಿಗೆ ಲಿವರ್ ಒತ್ತಿದ್ವು. ಮನುಷ್ಯರಲ್ಲಿ ಚಟ ಆಗೋದು ಡಾಕ್ಟ್ರುಗಳಿಗೆ ಮೊದ್ಲೇ ಗೊತ್ತಿತ್ತು. ಇಲಿ ಒತ್ತಲಿಲ್ಲ ಅಂದ್ರೆ ಅಪಾಯ ಇಲ್ಲ ಅಂತ ಅರ್ಥ ಅಲ್ಲ, ಮಗ ಹಾಗೆ ವಾದ ಮಾಡಿದ್ರೆ ಇದನ್ನ ಹೇಳಿ.

ಈಗ ಮಾಡಬೇಕಾದ್ದು: 14416ಕ್ಕೆ ಫೋನ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡ್ತಾರೆ, ನೀವೇ ಮಾಡಬಹುದು, ಮಗ ಮಾಡಬೇಕು ಅಂತಿಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ಹತ್ತಿರ. "ಬೇರೆ ಏನೋ" ಅಂದ್ರೆ ಹೆರಾಯಿನ್ ಥರದ್ದಾಗಿದ್ರೆ ಅದಕ್ಕೆ ಬ್ಯುಪ್ರೆನಾರ್ಫಿನ್ ಅಂತ ಒಳ್ಳೆ ಔಷಧವೇ ಇದೆ, ಡಾಕ್ಟ್ರ ಕಣ್ಣೆದುರಿಗೆ ಶುರು ಮಾಡಬೇಕು. ಮತ್ತೆ ನಿಮ್ಮ ನಿದ್ದೆ ವಿಷಯಾನೂ ಅವರ ಹತ್ರ ಹೇಳಿ.

ಯಲ್ಲಾಪುರದಿಂದ: ಇಲಿಯನ್ನ ನೀರಿಗೆ ಹಾಕಿ ಮುಳುಗೋ ಹಾಗೆ ಮಾಡಿ ಡಿಪ್ರೆಶನ್ ಔಷಧ ನೋಡ್ತಾರಂತೆ. ಇದು ಹಿಂಸೆ ಅಲ್ವಾ?

ಮುಳುಗಿಸಲ್ಲ, ಆದ್ರೆ ಹಿಂಸೆ ಅಲ್ಲ ಅಂತ ನಾನು ಹೇಳಲ್ಲ. ರೋಜರ್ ಪೋರ್ಸೋಲ್ಟ್ 1977ರಲ್ಲಿ ಶುರು ಮಾಡಿದ್ದು. ಹತ್ತಿ ಹೊರಗೆ ಬರೋಕಾಗದ ಗಾಜಿನ ಕೊಳವೆಯ ನೀರಲ್ಲಿ ಇಲಿಯನ್ನ ಮೊದಲ ದಿನ 15 ನಿಮಿಷ, ಮಾರನೇ ದಿನ 5 ನಿಮಿಷ ಬಿಡ್ತಾರೆ. ಮೊದ್ಲು ಈಜತ್ತೆ, ಗೋಡೆ ಪರಚತ್ತೆ, ಆಮೇಲೆ ಮೂಗು ಮಾತ್ರ ಮೇಲಿಟ್ಟುಕೊಂಡು ತೇಲತ್ತೆ. ತೇಲಿದ್ದನ್ನ ಹತಾಶೆ ಅಂತ ಕರೆದ್ರು, ಇಮಿಪ್ರಮಿನ್ ಥರದ ಡಿಪ್ರೆಶನ್ ಔಷಧ ಕೊಟ್ರೆ ಕಮ್ಮಿ ಹೊತ್ತು ತೇಲತ್ತೆ, ಹಾಗಾಗಿ ಹೊಸ ಔಷಧ ಜರಡಿ ಹಿಡಿಯೋಕೆ ಸುಲಭ ಆಯ್ತು. ಮತ್ತೆ ಅದೇ ಮೊಲದ ಮುಖ ಓದಿದ ಕಥೆ! ತೇಲೋದು ಹತಾಶೆಯೋ, ಇಲ್ಲಿಂದ ದಾರಿ ಇಲ್ಲ ಅಂತ ಕಲಿತು ಶಕ್ತಿ ಉಳಿಸೋದೋ? ನಮ್ಮ ಕಡಲಲ್ಲಿ ಸೆಳೆತಕ್ಕೆ ಸಿಕ್ಕವರಿಗೆ ಕೈಕಾಲು ಬಡೀಬೇಡಿ, ತೇಲಿ ಅಂತಾನೇ ಹೇಳ್ತೀವಿ. ಮೇಲಿಂದ ಕಾಫಿಯ ಕೆಫೀನು, ಆಂಫೆಟಮಿನ್ ಕೊಟ್ರೂ ಇಲಿ ಹೆಚ್ಚು ಈಜತ್ತೆ, ಅವು ಡಿಪ್ರೆಶನ್ನಿಗೆ ಔಷಧ ಅಲ್ಲ. ರೋಗಿಗೆ ಮಾತ್ರೆ ಹತ್ತೋಕೆ ವಾರಗಟ್ಲೆ ಬೇಕು, ಇಲ್ಲಿ ಒಂದೆರಡು ದಿನದ ಡೋಸಿಗೇ ಉತ್ತರ ಬರತ್ತೆ. ಇಷ್ಟೆಲ್ಲ ತೊಡಕಿರೋ ಪರೀಕ್ಷೆಗೆ ಪ್ರಾಣಿಯನ್ನ ಈ ಸಂಕಟಕ್ಕೆ ಹಾಕೋದು ಇನ್ನು ಸಾಕು ಅನ್ನೋದು ನನ್ನ ಅಭಿಪ್ರಾಯ, ದೊಡ್ಡ ಕಂಪನಿಗಳಲ್ಲೇ ಕೆಲವು ಕೈಬಿಟ್ಟಿವೆ.

ಎಲ್ಲಾ ಪ್ರಾಣಿ ಪ್ರಯೋಗ ನಿಲ್ಲಿಸಿ ಅಂತ ಮಾತ್ರ ನಾನು ಹೇಳಲ್ಲ, ಆ ಮೊಲ ಇಲ್ದೆ ಲೆವೊಡೋಪಾ ಬರ್ತಿತ್ತಾ ಅನ್ನೋದು ನನ್ನನ್ನ ತಡೆಯತ್ತೆ. 1959ರಲ್ಲೇ ರಸೆಲ್ ಮತ್ತೆ ಬರ್ಚ್ ಅನ್ನೋರು ಬದಲಿ ದಾರಿ ಹುಡುಕಿ, ಸಂಖ್ಯೆ ಇಳಿಸಿ, ನೋವು ಕಮ್ಮಿ ಮಾಡಿ ಅಂತ ಮೂರು ನಿಯಮ ಕೊಟ್ರು. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಕೆಳಗೆ ಕೇಂದ್ರದ ಸಮಿತಿ ಇದೆ, ನೋಂದಣಿ ಆದ ಸಂಸ್ಥೆ, ಅದರ ನೈತಿಕ ಸಮಿತಿಯ ಒಪ್ಪಿಗೆ ಎರಡೂ ಇಲ್ದೆ ಪ್ರಯೋಗ ಮಾಡೋ ಹಾಗಿಲ್ಲ. ಪ್ರಯೋಗ ಕೆಟ್ಟದಾಗಿ ಮಾಡೋದೂ ಒಂದು ಹಿಂಸೇನೇ. 1999ರಲ್ಲಿ ಜಾನ್ ಕ್ರ್ಯಾಬ್ ತಂಡ ಮೂರು ಊರಿನ ಲ್ಯಾಬಲ್ಲಿ ಅದೇ ತಳಿಯ ಚಿಟ್ಟಿಲಿ, ಅದೇ ಪೆಟ್ಟಿಗೆ, ಅದೇ ಗಂಟೆಗೆ ಪರೀಕ್ಷೆ ಮಾಡಿದ್ರೂ ಕೆಲವು ಫಲಿತಾಂಶ ಊರಿಂದೂರಿಗೆ ಬೇರೆ ಬಂತು, ಕೊಕೇನಿಗೆ ತೋರಿಸಿದ ಪ್ರತಿಕ್ರಿಯೆ ಸೇರಿ. ಒಂದು ಲ್ಯಾಬಿನ ಒಂದು ಫಲಿತಾಂಶ ಪೇಪರಲ್ಲಿ ಬಂದ ಕೂಡ್ಲೇ ನಂಬದೇ ಇರೋಕೆ ಇಷ್ಟು ಸಾಕು.

ಶಿರಸಿಯಿಂದ ಹೈಸ್ಕೂಲ್ ಹುಡುಗಿ: ಕಾಫಿ ಕುಡಿದ ಜೇಡ ಸೊಟ್ಟ ಬಲೆ ಕಟ್ಟತ್ತೆ ಅಂತಾರೆ, ಯಾಕೆ?

1948ರಲ್ಲಿ ಜರ್ಮನಿಯಲ್ಲಿ ಪೀಟರ್ ವಿಟ್ ಅನ್ನೋರಿಗೆ ಅವರ ಜೊತೆಗಾರರೊಬ್ರು ಕೇಳಿದ್ರಂತೆ, ಜೇಡ ಬೆಳಗಿನ ಜಾವ ಬಲೆ ಕಟ್ಟತ್ತೆ, ನನಗೆ ಅಷ್ಟೊತ್ತಿಗೆ ಏಳೋಕಾಗಲ್ಲ, ಹೊತ್ತು ಬದಲಾಗೋ ಹಾಗೆ ಏನಾದ್ರೂ ಕೊಡಿ ಅಂತ. ಔಷಧ ಕೊಟ್ರು, ಹೊತ್ತು ಬದಲಾಗ್ಲಿಲ್ಲ, ಬಲೆ ಬದಲಾಯ್ತು! 1995ರಲ್ಲಿ ನಾಸಾದವರು ಮತ್ತೆ ಮಾಡಿದಾಗ ಕೆಫೀನಿನ ಬಲೆ ತುಂಬ ಕೆಟ್ಟದಾಗಿ ಬಂತು. ಬಲೆಯ ಕೋನ, ಎಳೆ ಎಲ್ಲಾ ಅಳೆಯಬಹುದು, ಅದಕ್ಕೇ ಅದು ಒಳ್ಳೆ ಸಾಕ್ಷಿ. ಮಳೆಗಾಲ ಮುಗಿದ ಮೇಲೆ ತೋಟಕ್ಕೆ ಹೋಗಿ ಫೋಟೋ ತೆಗೆದು ಸುತ್ತು ಎಣಿಸಿ ನೋಡು, ಔಷಧ ಎಲ್ಲಾ ಬೇಡ.

ಕಾರವಾರದಿಂದ ಬಿಎಸ್ಸಿ ವಿದ್ಯಾರ್ಥಿ: ಈ ವಿಷಯದಲ್ಲಿ ಮುಂದೆ ಓದಬೇಕು ಅಂತಿದೆ. ಈಗಿಂದ್ಲೇ ಏನು ಮಾಡಬಹುದು? ಲ್ಯಾಬಲ್ಲಿ ಇಲಿ ಇಲ್ಲ.

ಫಾರ್ಮಕಾಲಜಿ, ನ್ಯೂರೋಸೈನ್ಸ್ ಎರಡೂ ದಾರಿ ಇದೆ, ಬೆಂಗಳೂರಿನ ನಿಮ್ಹಾನ್ಸ್, ಐಐಎಸ್‌ಸಿಯ ನ್ಯೂರೋಸೈನ್ಸ್ ಕೇಂದ್ರ ನೋಡಿ. ಇಲಿ ಇಲ್ದಿದ್ದು ಒಳ್ಳೇದೇ ಆಯ್ತು, ಮೊದ್ಲು ಕಣ್ಣು ಪಳಗಬೇಕು. ಕಾಳಿ ಹೊಳೆಯ ಕಾಂಡ್ಲಾ ಕೆಸರಲ್ಲಿ ಇಳಿತದ ಹೊತ್ತಿಗೆ ಒಂದು ಕೈ ದೊಡ್ಡದಿರೋ ಏಡಿಗಳು ಬರ್ತವಲ್ಲ, ದೂರದಿಂದ ಮೊಬೈಲಲ್ಲಿ ಅರ್ಧ ಗಂಟೆ ವಿಡಿಯೋ ಮಾಡಿ. ಮನೇಲಿ ಕೂತು ಬರೀರಿ: "ಹೆದರಿತು" ಅಂತ ಬರೀಬೇಡಿ, "ಬಿಲದ ಕಡೆ ಓಡ್ತು, ಇಷ್ಟು ಸೆಕೆಂಡ್ ಒಳಗಿತ್ತು" ಅಂತ ಬರೀರಿ. "ಸಿಟ್ಟಾಯ್ತು" ಬೇಡ, "ಕೈ ಎತ್ತಿ ಇಳಿಸ್ತು, ಇಷ್ಟು ಸಲ" ಅಂತ. ಬೋರಿಸ್ ಅನ್ನೋ ಸಾಫ್ಟ್‌ವೇರ್ ಫ್ರೀ ಸಿಗತ್ತೆ, ವಿಡಿಯೋ ನೋಡ್ತಾ ಕೀ ಒತ್ತಿ ಎಣಿಸೋಕೆ. ಅದೇ ವಿಡಿಯೋನ ನಿಮ್ಮ ಗೆಳೆಯನ ಕೈಲೂ ಬೇರೆ ಕೂತು ಎಣಿಸೋಕೆ ಹೇಳಿ, ನೀವು ಬರೆದಿದ್ದು ಅವನಿಗೆ ತೋರಿಸದೆ. ಇಬ್ಬರ ಲೆಕ್ಕ ತಾಳೆ ಆಗ್ಲಿಲ್ಲ ಅಂದ್ರೆ "ಕೈ ಎತ್ತೋದು" ಅಂದ್ರೆ ಎಷ್ಟು ಎತ್ತರ ಅಂತ ಮೊದ್ಲಿಂದ ಬರೆದು ಇನ್ನೊಮ್ಮೆ ಎಣಿಸಿ. ತಾಳೆ ಆದ ಮೇಲೆ ನನಗೆ ಕಳಿಸಿ, ನೋಡ್ತೀನಿ.